ಗಂಡನ ಪಾಸ್‌ವರ್ಡ್

ಮಾಣಿ ಪೇಟೆಯ ಹತ್ತಿರದ ಮನೆಯೊಂದಕ್ಕೆ ಆ್ಯಂಟಿವೈರಸ್ ಹಾಕಲು ಹೋಗಿದ್ದೆ. ಕಂಪ್ಯೂಟರ್ ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಅದು ದುಬೈಯಲ್ಲಿರುವ ಯಜಮಾನರಿಗೆ ಮಾತ್ರ ಗೊತ್ತಂತೆ. ಅವರ ಹೆಂಡತಿ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

“ಮೊದಲು ಅವಳನ್ನು ಅಂಗಳಕ್ಕೆ ಕಳಿಸಿ ಮಾರಾಯ್ರೆ, ಮತ್ತೆ ಹೇಳ್ತೇನೆ,” ಎಂದರು ಯಜಮಾನರು.

ನಾನು ಬಾಯಿ ತೆರೆಯುವ ಮೊದಲೇ ಆಕೆ ಹೋಗಿ ಬಿಸಿಲಿನಲ್ಲಿ ನಿಂತರು. ಪಾಸ್‌ವರ್ಡಿನ ಅರ್ಧ ಹೇಳುವಷ್ಟರಲ್ಲಿ ಲೈನ್ ಕಟ್ಟಾಯಿತು.

ಆಕೆ ಕಿಟಕಿಯ ಹೊರಗಿನಿಂದ ಇಡೀ ಪಾಸ್‌ವರ್ಡ್ ಹೇಳಿದರು. ಹಾಕಿ ನೋಡಿದೆ, ಸರಿಯಾಗಿಯೇ ಇತ್ತು.

“ನನಗೆ ಗೊತ್ತುಂಟು ಅಂತ ಅವರಿಗೆ ಹೇಳಬೇಡಿ ಅಣ್ಣ. ಊರಿಗೆ ಬಂದಾಗ ಕೊಂದೇ ಹಾಕ್ತಾರೆ.” ಆಕೆ ತಮಾಷೆಗೆ ಹೇಳಿದ್ದಲ್ಲ.

ಮತ್ತೆ ಫೋನ್ ಬಂತು. ಯಜಮಾನರು ಉಳಿದ ಅಕ್ಷರಗಳನ್ನು ಒಂದೊಂದಾಗಿ ಹೇಳಿದರು. ಆಗಲೇ ಕೆಲಸ ಶುರು ಮಾಡಿದ್ದ ಕಂಪ್ಯೂಟರಿನ ಎದುರು ಕೂತು, ನಾನು ಪ್ರತಿಯೊಂದಕ್ಕೂ ಹ್ಞೂಂ ಅಂದೆ.