ಗಿಡ್ಡ ಹಲಗೆಯ ಬಾಗು

ನಂಜುಂಡಾಚಾರ್ರ ಕಣ್ಣು ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ನಾಲ್ಕು ಜನರ ಮುಂದೆ ಹೇಳಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು — ಆಮೇಲೆ ಗೊತ್ತಾಯಿತು ಎಂದು ಬರೆದುಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹನ್ನೊಂದು ವರ್ಷದಿಂದ ಇದನ್ನು ಹೆಂಡತಿಗೂ ಹೇಳಿಲ್ಲ.

ಆಗ ನಾನು ಅರಸೀಕೆರೆಯ ಒಂದು ತರಬೇತಿ ಸಂಸ್ಥೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಸಂಜೆ ಹೊತ್ತು ರೈಲ್ವೆ ಸ್ಟೇಷನ್ ಹತ್ತಿರದ ಸಿದ್ದಪ್ಪನವರ ಮರಗೆಲಸದ ಶೆಡ್ಡಿಗೆ ಹೋಗಿ ನಕ್ಷೆ ಬರೆದುಕೊಡುತ್ತಿದ್ದೆ. ಹಳೇಬೀಡಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ನಂಜುಂಡಾಚಾರ್ರು ಅಲ್ಲಿನ ಹಿರಿಯ ಕೆಲಸಗಾರರು. ಓದಿದವರಲ್ಲ. ಆದರೆ ದಾರ ಹಿಡಿಯದೆ, ಒಂದು ಕಣ್ಣು ಮುಚ್ಚಿ, ಹಲಗೆ ಎಲ್ಲಿ ಡೊಂಕಾಗಿದೆ ಎಂದು ಹೇಳಿಬಿಡುತ್ತಿದ್ದರು. ನಾನು ನಿಜ ಗಾತ್ರದಲ್ಲೇ ಕಾಗದದ ಮೇಲೆ ನಕ್ಷೆ ಬರೆಯಬೇಕು. ಅವರು ಅದನ್ನು ಮೈದಾ ಗೋಂದಿನಿಂದ ಮರಕ್ಕೆ ಅಂಟಿಸಿ, ಗೀಟಿನ ಮೇಲೆ ಕುಯ್ದು, ಕೊನೆಗೆ ಕಾಗದವನ್ನು ನೆನೆಸಿ ಉಜ್ಜಿ ತೆಗೆಯುತ್ತಿದ್ದರು. ಕೆಲಸ ಮುಗಿಯುವ ಹೊತ್ತಿಗೆ ನಕ್ಷೆ ಇರುತ್ತಲೇ ಇರಲಿಲ್ಲ. ಇದು ನನಗೆ ಎಷ್ಟು ಅನುಕೂಲವಾಯಿತೆಂದರೆ —

ಅದನ್ನು ಆಮೇಲೆ ಹೇಳುತ್ತೇನೆ.

ಒಂದು ಮಧ್ಯಾಹ್ನ ವಿದೇಶಿಯೊಬ್ಬ ಎರಡು ಉದ್ದನೆಯ ಹಲಗೆ ಹೊತ್ತು ಶೆಡ್ಡಿಗೆ ಬಂದ. ಹಳೇಬೀಡು ನೋಡಲು ಹೋದವನು ಅಲ್ಲಿ ಆಚಾರ್ರು ಮಾಡಿದ್ದ ದೇವರ ಮಂಟಪ ಕಂಡು, ವಿಚಾರಿಸಿಕೊಂಡು ಬಂದಿದ್ದ. ಹಿಮದ ಇಳಿಜಾರಿನಲ್ಲಿ ಕಾಲಿಗೆ ಕಟ್ಟಿಕೊಂಡು ಜಾರುವ ಹಲಗೆಗಳು ಅವು — ಸ್ನೋಬೋರ್ಡ್, ಅದರಲ್ಲೂ ಪಂದ್ಯದವು. ಒಂದು ನನಗಿಂತ ಎತ್ತರ, ಇನ್ನೊಂದು ನನ್ನ ಗದ್ದದವರೆಗೆ. ಎರಡೂ ಕಿರಿದು, ನಡುವೆ ಸೊಂಟ ಸಣ್ಣ, ತುದಿಗಳತ್ತ ಅಗಲ. ತನ್ನ ಊರಿನಲ್ಲಿ ಇಂಥವನ್ನು ತಯಾರಿಸುವ ಅವನಿಗೆ ಎರಡರದೂ ತದ್ರೂಪು ಮರದ ಮಾದರಿ ಬೇಕಿತ್ತು. ಹಲಗೆಗಳು ಸಂಜೆಯ ರೈಲಿಗೆ ಅವನ ಜೊತೆ ಹೋಗಿಬಿಡುತ್ತವೆ. ತಿಂಗಳು ಬಿಟ್ಟು ಬಂದು ಮಾದರಿ ಒಯ್ಯುತ್ತಾನೆ. ನಮ್ಮಲ್ಲಿ ಯಾರೂ ಹಿಮ ಕಂಡವರಲ್ಲ. ಸಿದ್ದಪ್ಪನವರು ನನ್ನನ್ನು ತೋರಿಸಿ "ಎಂಜಿನಿಯರ್" ಎಂದರು. ನಾನು ಅಲ್ಲ ಎನ್ನಲಿಲ್ಲ.

ಉದ್ದದ ಹಲಗೆಯನ್ನು ಗೇಣಿಗೊಂದು ಕಡೆ ಅಳೆದು ಬರೆದುಕೊಂಡೆ. ಗಿಡ್ಡದರ ಉದ್ದ ಅಳೆದೆ, ಸೊಂಟ ಅಳೆದೆ — ಸೊಂಟ ಎರಡರದೂ ಒಂದೇ. ಅಷ್ಟು ಸಾಕೆನಿಸಿತು. ದೊಡ್ಡದರ ಅಂಚಿನ ಬಾಗನ್ನೇ ಇಟ್ಟು ತಲೆ, ಬಾಲ ಮೊಟಕು ಮಾಡಿದರೆ ಚಿಕ್ಕದಾಯಿತು, ಅಲ್ಲವೇ? ಆಚಾರ್ರು ಒಂದರ ಮೇಲೊಂದು ಹಲಗೆ ಇಟ್ಟು ಅಂಚಿನ ಮೇಲೆ ಅಂಗೈ ಆಡಿಸಿದರು.

"ಮೇಷ್ಟ್ರೇ, ಸೊಂಟ ಒಂದೇ ಐತೆ, ಬಾಗು ಬೇರೆ. ಗಿಡ್ಡದು ಬಿರ್ರನೆ ಅಗಲ ಆಯ್ತದೆ. ಇನ್ನೊಂದ್ಸಲ ಅಳೀರಿ."

"ಕಣ್ಣಳತೆ ಕಿಟಕಿಗೆ ಸಾಕು ಆಚಾರ್ರೇ, ಇದು ಲೆಕ್ಕ" ಎಂದು ನಕ್ಕೆ. ಅವರೂ ನಕ್ಕರು. ಇನ್ನೊಂದು ಸಲ ಅಳೆಯಲು ಐದು ನಿಮಿಷ ಬೇಕಿತ್ತು. ನಾನು ವಿದೇಶಿಯ ಜೊತೆ ಟೀ ಕುಡಿಯಲು ಹೋದೆ. ಆಮೇಲೆ ಆ ಅಳತೆಯಲ್ಲೇ ನಕ್ಷೆ ಬರೆದುಕೊಟ್ಟೆ; ನಾನು ತಿದ್ದಿರುತ್ತೇನೆಂದು ನಂಬಿ ಆಚಾರ್ರು ಗೀಟಿನ ಮೇಲೇ ಕುಯ್ದರು.

ತಿಂಗಳ ನಂತರ ಅವನು ಹಲಗೆಗಳ ಸಮೇತ ಬಂದ. ಆ ದಿನ ನಮ್ಮ ಸಂಸ್ಥೆಯ ಇಬ್ಬರು ಮೇಷ್ಟ್ರುಗಳನ್ನು ನಾನೇ ಕರೆದುಕೊಂಡು ಹೋಗಿದ್ದೆ, ನನ್ನ ಪ್ರತಾಪ ನೋಡಲಿ ಎಂದು. ಉದ್ದದ ಮಾದರಿ ಅವನ ಹಲಗೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಗಿಡ್ಡದು ಕೂರಲಿಲ್ಲ. ನಾಲ್ಕೂ ಮೂಲೆಗಳಲ್ಲಿ ಅರ್ಧ ಬೆರಳು ಕಡಿಮೆ. ಕಳೆದ ಮರವನ್ನು ಕೂಡಿಸಲಾಗುವುದಿಲ್ಲ. ವಿದೇಶಿ ಕೈಯಾಡಿಸಿ ತೋರಿಸಿದ: ಗಿಡ್ಡದು ಒತ್ತೊತ್ತಾದ ತಿರುವುಗಳ ಪಂದ್ಯಕ್ಕೆ, ಅದಕ್ಕೇ ಬಾಗು ಆಳ; ಉದ್ದದ್ದು ವೇಗವಾಗಿ ದೊಡ್ಡ ತಿರುವು ತೆಗೆಯಲಿಕ್ಕೆ, ಅದಕ್ಕೆ ಬಾಗು ಕಡಿಮೆ. ಆಚಾರ್ರ ಅಂಗೈ ಹೇಳಿದ್ದೇ ಅದು.

ಸಿದ್ದಪ್ಪನವರು ನನ್ನತ್ತ ತಿರುಗಿದರು. ಇಬ್ಬರು ಮೇಷ್ಟ್ರುಗಳೂ. ಆಗ ನನ್ನ ಬಾಯಿಂದ ಬಂದ ಮಾತು ಇದು:

"ನೀವು ಹೇಳಿದ ಮೇಲೆ ನಾನು ನಕ್ಷೆ ತಿದ್ದಿದ್ದೆನಲ್ಲ ಆಚಾರ್ರೇ? ಸರಿಯಾದ ಗೀಟು ಬಿಟ್ಟು ಒಳಗೆ ಕುಯ್ದಿದ್ದೀರಿ. ವಯಸ್ಸಾಯ್ತು, ಕಣ್ಣು ತೋರಿಸ್ಕೊಳ್ಳಿ."

ತಿದ್ದಿರಲಿಲ್ಲ. ಕಾಗದ ಎಂದೋ ಉಜ್ಜಿಹೋಗಿತ್ತು. ಇಲ್ಲವೆನ್ನಲು ಅವರ ಹತ್ತಿರ ಯಾವ ಸಾಕ್ಷಿಯೂ ಇರಲಿಲ್ಲ. ಅವರು ಕಂಡ ಸತ್ಯವನ್ನೇ ಕಿತ್ತುಕೊಂಡು ಅದರಿಂದಲೇ ಅವರಿಗೆ ಹೊಡೆದೆ. ಜಗಳವಾಡಿದ್ದರೆ — ಒಂದು ಬೈಗುಳ ಬೈದಿದ್ದರೆ — ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಇಲ್ಲ, ಒಪ್ಪಿಕೊಳ್ಳುತ್ತಿರಲಿಲ್ಲ. ಅವರು ಮಾದರಿಯನ್ನು ಕೈಗೆತ್ತಿಕೊಂಡು ಅದರ ಅಂಚಿನ ಮೇಲೆ ಅಂಗೈ ಆಡಿಸಿದರು.

"ಗೀಟಿನ ಮ್ಯಾಲೇ ಕುಯ್ದೆ ಅಂದ್ಕಂಡಿದ್ದೆ" ಎಂದರು. "ಮೇಷ್ಟ್ರು ಸುಳ್ಳು ಹೇಳ್ತಾರಾ? ನನ್ ಕಣ್ಣೇ ಹೋಗೈತೆ ಬಿಡಿ."

ವಿದೇಶಿ ಸಿಟ್ಟಾಗಲಿಲ್ಲ, ಉದ್ದದ ಮಾದರಿ ತೆಗೆದುಕೊಂಡು ಹೋದ. ಸಿದ್ದಪ್ಪನವರೂ ವಾರದಲ್ಲಿ ಮರೆತರು. ಮರೆಯದವರು ಆಚಾರ್ರು ಒಬ್ಬರೇ. ಹಾಸನಕ್ಕೆ ಹೋಗಿ ಕಣ್ಣು ತೋರಿಸಿದರು. ಡಾಕ್ಟರು ಏನೂ ಇಲ್ಲವೆಂದರೆ ನಂಬಲಿಲ್ಲ. ಕೆತ್ತನೆಯ ಕೆಲಸ ಬಂದರೆ "ಬ್ಯಾರೇರಿಗೆ ಕೊಡಿ, ಕೆಡಿಸಿಬಿಟ್ಟೇನು" ಎನ್ನುತ್ತಿದ್ದರು. ವರ್ಷದೊಳಗೆ ಶೆಡ್ಡಿಗೆ ಬರುವುದನ್ನೇ ಬಿಟ್ಟರು. ನನಗೆ ಆಗ ಏನನ್ನಿಸಿತು ಗೊತ್ತೇ? ಹಾಯೆನಿಸಿತು. ಇನ್ನು ಅವರ ಮುಖ ನೋಡಬೇಕಾಗಿಲ್ಲವಲ್ಲ ಎಂದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಯಾವುದೋ ಕೆಲಸಕ್ಕೆ ಹಳೇಬೀಡಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅವರೇ ಗುರುತು ಹಿಡಿದು ಮನೆಗೆ ಕರೆದೊಯ್ದರು. ಮಗ ಕೋಣೆಯೊಂದನ್ನು ಕಟ್ಟಿಸುತ್ತಿದ್ದ. ಸೊಸೆ ಕಾಫಿ ತಂದಳು. ಕುಡಿದಾದ ಮೇಲೆ ಆಚಾರ್ರು ನನ್ನ ಕೈ ಹಿಡಿದು ಹೊಸ ಬಾಗಿಲ ಚೌಕಟ್ಟಿನ ಮುಂದೆ ನಿಲ್ಲಿಸಿದರು.

"ನಾನೇ ನಿಲ್ಸಿದ್ದು ಮೇಷ್ಟ್ರೇ. ಬಲಗಡೆ ಒಂದ್ ನೂಲು ವಾಲೈತೆ ಅನ್ನುಸ್ತದೆ. ಮಗ ಇಲ್ಲ ಅಂತಾನೆ. ನನ್ ಕಣ್ಣು ನಂಬಂಗಿಲ್ಲ. ನೀವೊಂದ್ಸಲ ನೋಡಿ ಹೇಳಿ."

ಮೂಲೆಯಲ್ಲಿದ್ದ ತೂಕದ ಗುಂಡನ್ನು ದಾರದಲ್ಲಿ ಇಳಿಬಿಟ್ಟು ನೋಡಿದೆ. ಬಲಗಡೆ ವಾಲಿತ್ತು. ಒಂದೇ ಒಂದು ನೂಲು. "ವಾಲಿದೆ" ಎಂದೆ. ಅವರು ಮಗನ ಕಡೆ ನೋಡಿ, ಬಹುಮಾನ ಬಂದವರ ಹಾಗೆ ಹಿಗ್ಗಿದರು. ಆಗಲೇ ಹೇಳಬೇಕಿತ್ತು, ಅವರ ಕಣ್ಣು ಎಂದೂ ಕೆಟ್ಟಿರಲಿಲ್ಲವೆಂದು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಬರುವ ಭಾನುವಾರ ಹೋಗುತ್ತೇನೆ. ಮಗನೂ ಸೊಸೆಯೂ ಎದುರಿಗಿರುವಾಗಲೇ ಹೇಳುತ್ತೇನೆ, ಸಿದ್ದಪ್ಪನವರನ್ನೂ ಬರಹೇಳಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳಿದರೆ ಅವರು ತಕ್ಷಣ ಕ್ಷಮಿಸಿಬಿಡುತ್ತಾರೆ. ಅವರಿಗೀಗ ಎಪ್ಪತ್ತೆರಡು. ಕಾಫಿ ಲೋಟ ಹಿಡಿದಾಗ ಗಮನಿಸಿದೆ — ಕೈ ನಡುಗುತ್ತದೆ. ಕಣ್ಣು ಸರಿಯಾಗಿದೆ ಎಂದು ನಾನು ಹೇಳಬಹುದು. ಇನ್ನು ಆ ಕೈ ಉಳಿ ಹಿಡಿಯುವುದಿಲ್ಲ.