ಬೂಟು ಹಾಕಿಕೊಂಡ ಹರಿಗೋಲು

ಮನೆಯ ಮುಂದಿನ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಕೊಪ್ಪಳದ ನಮ್ಮ ಓಣಿಯಲ್ಲಿ ಎಲ್ಲರೂ ಕಿಟಕಿ ಮುಚ್ಚಿಕೊಂಡರು; ನಾನು ತೆರೆದಿಟ್ಟು, ಕುರ್ಚಿ ಎಳೆದುಕೊಂಡು ಕೂತೆ. "ಅತ್ತಿ, ಆ ಸ್ಮೆಲ್ಲಿಗೆ ತಲಿ ನೋಯ್ತೈತ್ರಿ, ಒಳಗ ಬರ್ರಿ" ಎಂದು ಸೊಸೆ ಕರೆದಳು. ಬರುವುದಿಲ್ಲ ಎಂದೆ. ಅವಳಿಗೆ ಅದು ರಸ್ತೆಯ ವಾಸನೆ. ನನಗೆ, ಆನೆಗುಂದಿಯಿಂದ ಸ್ವಲ್ಪ ಕೆಳಗೆ ತುಂಗಭದ್ರೆಯ ದಂಡೆಯ ಮೇಲಿದ್ದ, ಈಗಿಲ್ಲದ ನಮ್ಮ ಮನೆಯ ಹಿತ್ತಿಲಿನ ವಾಸನೆ. ಮಳೆಗಾಲ ಮುಗಿದು ಹೊಳೆ ಇಳಿಯುತ್ತಿದ್ದಂತೆ ನನ್ನ ಅಪ್ಪನ ಅಕ್ಕ ನೀಲತ್ತೆ ಹರಿಗೋಲನ್ನು ಬೋರಲು ಹಾಕಿ, ಬಿದಿರಿನ ಹೆಣಿಗೆಯ ಮೇಲೆ ಹೊಸ ಗೋಣಿತಟ್ಟು ಹೊದಿಸಿ, ಕಾಸಿದ ಡಾಂಬರನ್ನು ಮೋಟು ಪೊರಕೆಯಿಂದ ಬಳಿಯುತ್ತಿದ್ದಳು. ಆ ವಾಸನೆ ಅವಳ ಸೀರೆಗೆ, ತುರುಬಿಗೆ, ನಾವು ತಿನ್ನುವ ರೊಟ್ಟಿಗೂ ಅಂಟುತ್ತಿತ್ತು. ನಿಮ್ಮ ಬಾಲ್ಯದ ಮನೆಗೂ ಇಂಥದೊಂದು ವಾಸನೆ ಇದ್ದೀತು, ಬೇರೆಯವರು ಮೂಗು ಮುಚ್ಚಿಕೊಳ್ಳುವಂಥದ್ದು.

ನಮ್ಮದು ಮೀನು ಹಿಡಿಯುವ, ಜನರನ್ನು ಹೊಳೆ ದಾಟಿಸುವ ಮನೆತನ. ಅದರಿಂದ ಮೊದಲು ಹೊರಬಿದ್ದವನು ಅಪ್ಪ. ಗಂಗಾವತಿಯಲ್ಲಿ ನೀರಾವರಿ ಆಫೀಸಿನ ಕ್ಲಾರ್ಕ್, ದಿನವೂ ಇಸ್ತ್ರಿ ಶರ್ಟು. ನನ್ನನ್ನು ಬಳ್ಳಾರಿಯ ಕಾನ್ವೆಂಟ್ ಹಾಸ್ಟೆಲಿಗೆ ಹಾಕಿದವನೂ ಅವನೇ. ವೆಕೇಶನ್‌ಗೆ ಬಂದಾಗಲೆಲ್ಲ ಒಂದೇ ಮಾತು: "ಹರಿಗೋಲಿನ ಹುಟ್ಟು ಮುಟ್ಟಬ್ಯಾಡ. ಕೈಗೆ ಮೀನಿನ ವಾಸನಿ ಹತ್ತಬಾರದು." ನೀಲತ್ತೆ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು, "ಯಾಕೋ, ಹೊಳಿಗಿಳಿದ್ರ ಇಂಗ್ಲೀಷ್ ತೊಳಕೊಂಡು ಹೋಕ್ಕೈತೇನು?" "ನಿನಗ ತಿಳಿಯೂದಿಲ್ಲ ಸುಮ್ನಿರಕ್ಕ." "ಹೌದಪ್ಪ, ತಿಳಿಯೂದಿಲ್ಲ. ಮೀನ ತಿನಿಸಿ ನಿನ್ನ ಸಾಲಿಗೆ ಕಳಿಸಿದಾಕಿ ಅಲ್ಲೇನು ನಾ!" ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ.

ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಪದ್ಧತಿಯಿತ್ತು. ಹೊಳೆ ಹರಿಗೋಲನ್ನು ಕೆಳಕ್ಕೆ ಒಯ್ಯುತ್ತದೆ, ಮೇಲಕ್ಕೆ ತರುವುದಿಲ್ಲ. ಹುಟ್ಟು ಹಾಕಿದವರೇ ಅದನ್ನು ತಲೆಯ ಮೇಲೆ ಬೋರಲು ಹೊತ್ತು, ಊರೊಳಗಿಂದ ನಡೆದು, ಮನೆಯ ಬಾಗಿಲಿಗೆ ಇಳಿಸಬೇಕು. ಹಾಗೆ ಒಮ್ಮೆ ಇಳಿಸಿದವರಿಗೆ ಹುಟ್ಟಿನ ಹಕ್ಕು. ಮತ್ತೆ ಯಾರೂ ಬೇಡ ಎನ್ನುವಂತಿಲ್ಲ, ಅಪ್ಪನೂ. ನನಗೆ ಅದು ಬೇಕಾಗಿತ್ತು. ಡಿಸಿಪ್ಲಿನ್, ಡಿಸಿಪ್ಲಿನ್ ಎನ್ನುತ್ತಿದ್ದ ಸಿಸ್ಟರ್‌ಗಳ ನಡುವೆ ವರ್ಷವಿಡೀ ನಾನು ಬಯಸಿದ್ದು ಅದೊಂದನ್ನೇ.

ಒಂಬತ್ತನೇ ಕ್ಲಾಸಿನ ದಸರೆ ರಜೆ, ಒಂದು ಭಾನುವಾರ ಬೆಳಿಗ್ಗೆ, ಸಣ್ಣ ಹರಿಗೋಲಿನಲ್ಲಿ ಕೂತ ನೀಲತ್ತೆ ಹುಟ್ಟನ್ನು ನನ್ನ ಕೈಗಿಟ್ಟಳು. ಅಬ್ಬಾ, ಆ ಹೊಳೆ! ಮೊದಲು ಬಂಡೆಗಳ ಇಕ್ಕಟ್ಟು. ನೀರು ಗದರುತ್ತ ನುಗ್ಗುತ್ತದೆ, ಹರಿಗೋಲು ಬುಗುರಿಯಂತೆ ತಿರುಗುತ್ತದೆ. "ತಿರುಗಲಿ ಬಿಡು, ಜಗಳಾಡಬ್ಯಾಡ. ನಿನ್ನ ಮುಖ ಹೊಳಿ ಹರಿಯೂ ಕಡಿ ಬಂದಾಗ ಒಂದ ಎಳಿ" ಎಂದಳು. ಎಳೆದೆ. ಇಕ್ಕಟ್ಟು ಉಗುಳಿದಂತೆ ನಾವು ಕರಿ ಮಡುವಿಗೆ ಬಂದೆವು. ಅಲ್ಲಿ ಸದ್ದೇ ಇಲ್ಲ, ಬಂಡೆಯ ನೆರಳು ಮಾತ್ರ. ಅದರಾಚೆ ಹೊಳೆ ಮೈಬಿಟ್ಟು ಹರಡಿ, ಮರಳ ದಿಬ್ಬ, ಆಪು ಹುಲ್ಲು, ದಂಡೆಯುದ್ದಕ್ಕೂ ಭತ್ತದ ಹಸಿರು. ಗಾಳಕ್ಕೆ ಎರೆಹುಳು ಸಿಕ್ಕಿಸಿ ಕೂತೆವು. ಮೀಸೆಯ ಬಾಳೆಮೀನೊಂದು ಹಗ್ಗಜಗ್ಗಾಟದಂತೆ ಜಗ್ಗಿತು. ಅಂಗೈ ಕೊಯ್ದರೂ ನಾನು ದಾರ ಬಿಡಲಿಲ್ಲ.

ವಾಪಸು ಬರುವಾಗ ಹಾಸ್ಟೆಲಿನಲ್ಲಿ ಮೆತ್ತಗಾದ ನನ್ನ ಪಾದಕ್ಕೆ ಬಂಡೆ ಸುಡುತ್ತದೆಂದು, ಜೊತೆಗೆ ತಂದಿದ್ದ ಕಾನ್ವೆಂಟಿನ ಕರಿ ಶೂಸನ್ನು ನೀಲತ್ತೆಯೇ ಹಾಕಿಸಿ, ಹರಿಗೋಲನ್ನು ನನ್ನ ತಲೆಯ ಮೇಲೆ ಬೋರಲಿಟ್ಟಳು. ಒಳಗೆ ಕತ್ತಲು, ಬಿಸಿ ಡಾಂಬರಿನ ಉಸಿರು. ಕಾಣುವುದು ನನ್ನ ಎರಡು ಶೂಸು ಮಾತ್ರ. ಕತ್ತು ಇಳಿದುಹೋಗುತ್ತಿತ್ತು. ಊರ ಅಗಸಿಬಾಗಿಲ ಹತ್ತಿರ ಅವಳು ನಿಂತಳು. "ಹೋಟೆಲ್ ಮುಂದ ನಿಮ್ಮಪ್ಪ ಆಫೀಸಿನವರ ಜೋಡಿ ಕುಂತಾನ. ಹೊಲದ ಹಿಂದ ದಾರಿ ಐತಿ. ಅಲ್ಲಿಂದ ಹೋದ್ರ ಹಕ್ಕು ಬರೂದಿಲ್ಲ, ಬೈಗುಳಾನೂ ಬರೂದಿಲ್ಲ. ನೀನ ಹೇಳು." ನಾನು ನೇರ ನಡೆದೆ.

ಹೋಟೆಲಿನ ಮುಂದೆ ಯಾರೋ ಚಹಾದ ಕಪ್ಪು ಕುಕ್ಕಿದರು. "ಸಾಹೇಬ್ರ, ಇಲ್ನೋಡ್ರಿ, ಹರಿಗೋಲು ಬೂಟು ಹಾಕ್ಕೊಂಡು ಬರಾಕತ್ತೈತಿ!" ನಗು ಎದ್ದಿತು. ಊರಿಗೆಲ್ಲ ಅಂಥ ಬೂಟು ಇದ್ದದ್ದು ಒಬ್ಬಳಿಗೆ. ಬೆಂಚು ಸರಿದ ಸದ್ದಾಯಿತು. ನಗು ನಿಂತಿತು. ಕತ್ತಲೆಯೊಳಗೆ ನಾನು ಕಾದೆ, ಕಾಲು ಮಾತ್ರ ನಿಲ್ಲಿಸಲಿಲ್ಲ. ಆಗ ಅಪ್ಪನ ದನಿ, ಬಹಳ ಹತ್ತಿರದಿಂದ: "ಎಡಕ್ಕ ಗಟಾರ ಐತಿ. ನೋಡ್ಕೊಂಡು ನಡಿ."

ಅಷ್ಟೇ. ಆ ರಾತ್ರಿ ಬಾಳೆಮೀನಿನ ಸಾರು ಉಣ್ಣುತ್ತ ಅವನು ಮುಳ್ಳು ಆರಿಸಿದನೇ ಹೊರತು ನನ್ನತ್ತ ನೋಡಲಿಲ್ಲ. ಹುಟ್ಟಿನ ಮಾತನ್ನು ಮಾತ್ರ ಮತ್ತೆ ಯಾವತ್ತೂ ಎತ್ತಲಿಲ್ಲ.

ನೀಲತ್ತೆ ಹೋದಳು, ಅಪ್ಪ ಹೋದ. ಮನೆಯ ಜಾಗದಲ್ಲಿ ಈಗ ಟೂರಿಸ್ಟರ ಕಾಟೇಜುಗಳು. ಹರಿಗೋಲುಗಳು ಲಗೇಜ್ ಆಟೊದಲ್ಲಿ ಕೂತು ಮೇಲಕ್ಕೆ ಬರುತ್ತವೆ. ಬರಲಿ. ನನ್ನ ಹಕ್ಕನ್ನು ನಾನು ಹೊತ್ತು ತಂದಿದ್ದೇನೆ. ಮನೆ ಕೆಡವಿದವರು ಅದನ್ನು ಕೆಡವಲಾರರು.

ಸಂಜೆ ರೋಲರ್ ಹೋದ ಮೇಲೆ ಕರಿ ಶೂಸಿನಂಥದೇ ಒಂದು ಜೊತೆ ಮೆಟ್ಟಿ ಹೊರಬಿದ್ದೆ. ಹೊಸ ರಸ್ತೆ ಇನ್ನೂ ಬೆಚ್ಚಗಿತ್ತು. ವಾಸನೆ ಆಗಲೇ ತೆಳ್ಳಗಾಗುತ್ತಿತ್ತು. ಎಡಕ್ಕೆ ಗಟಾರವಿತ್ತು. ಹೇಳುವವರು ಯಾರೂ ಇರಲಿಲ್ಲ. ನಾನೇ ನೋಡಿಕೊಂಡು ನಡೆದೆ.