ನೀರು ಬೆರೆಸಿದ ಕ್ವಿನೈನ್

ಕ್ವಿನೈನ್ ಬರುತ್ತಿದ್ದ ಜಾವಾ ದ್ವೀಪ ಯುದ್ಧದಲ್ಲಿ ಜಪಾನೀಯರ ಕೈಸೇರಿದ ವರ್ಷ ಇಚಲಕರಂಜಿಯಲ್ಲಿ ಆ ಚಳಿಜ್ವರದ ಮದ್ದು ಸಿಗದಂತಾಯಿತು. ನಾನಾಗ ಅಲ್ಲಿನ ಒಂದು ಧರ್ಮಾರ್ಥ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಬರುತ್ತಿದ್ದವರು ಹೆಚ್ಚಾಗಿ ಬೆಳಗಾವಿ ಕಡೆಯಿಂದ ಬಂದು ಮಗ್ಗದ ಕಾರಖಾನೆ ಸೇರಿದವರು. ಮಳೆ ನಿಂತಿತೆಂದರೆ ಅವರ ಓಣಿಗಳಲ್ಲಿ ಚಳಿಜ್ವರ ಮನೆಮನೆ ಹೊಗುತ್ತಿತ್ತು.

ಡಾಕ್ಟರು ಚೀಟಿ ಬರೆದು ನನ್ನನ್ನು ಕೊಲ್ಲಾಪುರಕ್ಕೆ ಕಳಿಸಿದರು. ಹಾತಕಣಂಗಲೆಯಲ್ಲಿ ರೈಲು ಹಿಡಿದು ಹೋದೆ. ದೊಡ್ಡ ಔಷಧದಂಗಡಿಯವನು ಚೀಟಿ ನೋಡದೆಯೇ "ಸಂಪಲಾ, ಮುಗದೈತಿ" ಅಂದ. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಯಾರದೋ ಮೋಟಾರಿನ ಡ್ರೈವರು ಒಳಕೋಣೆಯಿಂದ ಕ್ವಿನೈನ್ ಡಬ್ಬಿಗಳನ್ನು ಹೊತ್ತು ತಂದ.

"ಇದೇನ್ರಿ ಮತ್ತ?" ಎಂದೆ.

"ಅದು ಬಂಗಲೆಯವರದು."

"ಅವರ ಮನ್ಯಾಗ ಜ್ವರ ಬಂದೈತೇನ್ರಿ?"

"ಬಂದಿಲ್ಲ. ಬಂದರ ಇರಲಿ ಅಂತ ತಗೊಂಡಾರ."

ನಾನು ಅಲ್ಲಿಂದ ಕದಲಲಿಲ್ಲ. ಗಿರಾಕಿಗಳ ಮುಂದೆ ಪೀಡೆ ತೊಲಗಲೆಂದು ಕೊನೆಗೆ ಅಂಗಡಿಯವನು ಒಂದು ಸಣ್ಣ ಶೀಶೆ ಕೊಟ್ಟ.

ಡಾಕ್ಟರು ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಹನ್ನೆರಡು ಮಂದಿಗೆ ಸಾಕು. ಜ್ವರ ಜೋರಿದ್ದವರಿಗೆ ಪೂರಾ ಕೊಡು. ಉಳದವರಿಗೆ ಇಲ್ಲ ಅಂತ ಹೇಳಿಬಿಡು."

ಆ 'ಇಲ್ಲ' ಹೇಳಬೇಕಾದವನು ನಾನು. ಹೊರಗೆ ಗೋಡೆಯುದ್ದಕ್ಕೂ ಕಂಬಳಿ ಹೊದ್ದು ನಡುಗುತ್ತ ಕುಳಿತವರು ಮೂವತ್ತಕ್ಕೂ ಹೆಚ್ಚು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಕ್ವಿನೈನ್ ಮಿಕ್ಸ್ಚರಿಗೆ ನೀರು ಹೆಚ್ಚಿಸಿದೆ. ರುಚಿ ತೆಳುವಾದರೆ ಜನ ನಂಬುವುದಿಲ್ಲವೆಂದು ಕಿರಾತಕಡ್ಡಿ ಕುದಿಸಿದ ಕಷಾಯ ಬೆರೆಸಿ ಕಹಿ ಮಾಡಿದೆ. ಎಲ್ಲರಿಗೂ ಸಿಕ್ಕಿತು. ಅಂದು ನಾನು ಎಷ್ಟು ಹಿಗ್ಗಿದ್ದೆನೆಂದು ಈಗ ನೆನೆದರೆ ಮೈ ಉರಿಯುತ್ತದೆ.

ಆ ಸಾಲಿನಲ್ಲಿ ಒಬ್ಬ ನೇಕಾರ ಹೆಂಡತಿಯನ್ನು ಕರೆತಂದಿದ್ದ. ಭತ್ತದ ಕೆಲಸಕ್ಕೆಂದು ಆಜರಾಕ್ಕೆ ಹೋದವಳು ಜ್ವರ ಹೊತ್ತು ಬಂದಿದ್ದಳು. ಡಾಕ್ಟರು ಹೇಳಿದಂತೆ ನಡೆದಿದ್ದರೆ ಆ ಹನ್ನೆರಡರಲ್ಲಿ ಮೊದಲನೆಯವಳು ಅವಳೇ. ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಭಾಳ ಕಹಿ ಐತ್ರಿ. ಛಲೋ ಔಷಧ ಇರಬೇಕು" ಎಂದಳು.

ನಾಲ್ಕು ದಿನ ಜ್ವರ ಬಿಟ್ಟಿತು. ನೂಲಿನ ಕಂಡಿಕೆ ಸುತ್ತಲು ಕಾರಖಾನೆಗೂ ಹೋದಳು. ಮತ್ತೆ ಬಂದ ಜ್ವರ ತಲೆಗೇರಿತು. ಮೂರನೆಯ ದಿನ ತೀರಿಕೊಂಡಳು.

ಅಂತ್ಯಕ್ರಿಯೆ ಮುಗಿಸಿ ಎರಡು ದಿನಕ್ಕೆ ಗಂಡ ಬಂದ. ಕೈಯಲ್ಲಿ ನಮ್ಮದೇ ಬಾಟಲಿ, ತಳದಲ್ಲಿ ಎರಡು ಹೊತ್ತಿಗಾಗುವಷ್ಟು ಔಷಧ.

"ಕುಡಿಯಾಕ ಆಗಲಿಲ್ರಿ ಆಕಿಗೆ. ಚೆಲ್ಲಾಕ ಮನಸ್ಸು ಬರಲಿಲ್ಲ. ಮತ್ಯಾರಿಗರ ಆಗ್ತೈತಿ ಅಂತ ತಂದೇನಿ."

ಡಾಕ್ಟರು ಅಲ್ಲೇ ಇದ್ದರು. ಅವನು ಹೋದ ಮೇಲೆ ಬಾಟಲಿ ತೆಗೆದುಕೊಂಡು ಒಂದು ಹನಿ ನಾಲಿಗೆಗೆ ಹಚ್ಚಿಕೊಂಡರು. "ಇದೇನು ಕಿರಾತಕಡ್ಡಿ?"

ಎಲ್ಲ ಹೇಳಿದೆ.

"ಹನ್ನೆರಡು ಮಂದಿ ಉಳೀತಿದ್ದರು. ನೀ ಒಬ್ಬರನ್ನೂ ನೆಟ್ಟಗ ಉಳಸಲಿಲ್ಲ. ಇಲ್ಲ ಅನ್ನಾಕ ನಾಚಿಕಿ ಬಂತು, ಹೌದಲ್ಲ?"

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬೇರೆ ಕಂಪೌಂಡರ್ ಸಿಗುತ್ತಿರಲಿಲ್ಲ, ಅಷ್ಟೇ. ಬಂಗಲೆಯ ಡಬ್ಬಿಗಳ ಬಗ್ಗೆ ಅವರ ಮುಂದೆ ಬಾಯಿಬಿಡಲು ನನಗೆ ಧೈರ್ಯವಾಗಲಿಲ್ಲ. ಬಂಗಲೆಯವರ ಮೇಲೆ ಸಿಟ್ಟಾಗಲೂ ನನಗೆ ಹಕ್ಕಿಲ್ಲವೆನಿಸಿತು.

ಆ ನೇಕಾರ ಊರು ಬಿಟ್ಟು ಗಡಹಿಂಗ್ಲಜದ ತಂಗಿಯ ಮನೆ ಸೇರಿದ. ಯುದ್ಧ ಮುಗಿದ ಮೇಲೆ ನಿಜ ಹೇಳಿಬಿಡಬೇಕೆಂದು ಹುಡುಕಿಕೊಂಡು ಹೋದೆ. ನನ್ನನ್ನು ಕಂಡದ್ದೇ ಚಾಪೆ ಹಾಸಿದ, ತಂಗಿಯನ್ನು ಕೂಗಿ ಕರೆದ.

"ಯಾರೂ ಔಷಧ ಕೊಡದಾಗ ಕೊಟ್ಟಾವ್ರು ಇವರ ನೋಡು. ದೇವರಂಥಾವ್ರು."

ತಂಗಿ ನನ್ನ ಕಾಲು ಮುಟ್ಟಿದಳು. ನಾನು ಬಾಯಿ ತೆರೆದೆ. "ಮಳೀ ಹ್ಯಾಂಗ ಐತ್ರಿ ಈ ಕಡೆ?" ಎಂದು ಕೇಳಿದೆ. ಅವರು ಕೊಟ್ಟ ಚಹಾ ಕುಡಿದು ಮಧ್ಯಾಹ್ನದ ಬಸ್ಸಿಗೆ ಹಿಂತಿರುಗಿದೆ.